ಇಪ್ಪತ್ತು ಸೆಕೆಂಡಿನ ಪೀಠಿಕೆ

ಪಿಯಾನೊ ಸುರುಳಿಯ ತುದಿಯಲ್ಲಿ 'ಎಪ್ಪತ್ತು' ಎಂದು ಅಚ್ಚಾಗಿದ್ದರೆ ಕಾಗದವು ನಿಮಿಷಕ್ಕೆ ಏಳಡಿಯಂತೆ ಸಾಗಬೇಕು. ಆರಡಿ ಹನ್ನೊಂದಂಗುಲವೂ ಅಲ್ಲ, ಏಳಡಿ ಒಂದಂಗುಲವೂ ಅಲ್ಲ. ಇಷ್ಟು ಸರಳವಾದ ಸಂಗತಿಯನ್ನು ತಮ್ಮ ಧರ್ಮಪತ್ನಿಗೆ ಮನವರಿಕೆ ಮಾಡಿಕೊಡುವುದು ಥಡಿಯಸ್ ಪ್ಲಂಕೆಟ್ಟರಿಗೆ ನಾಲ್ಕು ವರ್ಷಗಳಿಂದಲೂ ಸಾಧ್ಯವಾಗಿರಲಿಲ್ಲ. ಮಿಸೌರಿಯ ರೈಲುದಾರಿಯಲ್ಲಿ ಮೂವತ್ತೇಳು ವರ್ಷ (ಸರಿಯಾಗಿ ಹೇಳಬೇಕೆಂದರೆ, ಮೂವತ್ತೇಳು ವರ್ಷ ಎರಡು ತಿಂಗಳು) ಗಾಡಿಗಳ ವೇಳೆ ಕಾದು ನಿವೃತ್ತರಾದವರು ಅವರು. ಮನೆಯ ಪಿಯಾನೊ ತಾನಾಗಿ ನುಡಿಯುವಂಥದು. ಕಾಲಿನಿಂದ ತಿದಿ ಒತ್ತಿದರೆ ಸಾಕು, ಸುರುಳಿಯ ಕಾಗದ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಎಲ್ಲಿ ತೂತು ಬಂತೋ ಅಲ್ಲಿನ ಸ್ವರದ ಮನೆ ನುಡಿಯುತ್ತದೆ. ಎಡಕ್ಕೆ ಮಂದ್ರ, ಬಲಕ್ಕೆ ತಾರ. ಮನುಷ್ಯ ತಪ್ಪು ಮಾಡಲು ಆಸ್ಪದವೇ ಇಲ್ಲ. ಆದರೂ ಶ್ರೀಮತಿ ಲವೀನಿಯಾ ಮಾಡುತ್ತಿದ್ದರು.

"ಎಂಬತ್ತೆರಡು!" ಗಡಿಯಾರ ಹಿಡಿದು ಪ್ಲಂಕೆಟ್ಟರು ಕೂಗುತ್ತಿದ್ದರು. "ಲೇ, ಇದೇನು ಸಂಗೀತಾನೋ, ಬ್ರೇಕು ಕಿತ್ತುಹೋದ ಗೂಡ್ಸ್ ಗಾಡೀನೋ?"

"ಕಾಲು ಕುಣೀಬೇಕಲ್ರೀ! ನಿಮ್ಮ ಎಪ್ಪತ್ತರಲ್ಲಿ ಕುಣಿದರೆ ಹೆಣದ ಹಿಂದೆ ನಡೆದ ಹಾಗಿರುತ್ತೆ."

ಕೊನೆಗೆ ಸುರುಳಿಗಳ ಬೀರುವಿಗೆ ಬೀಗ ಬಿತ್ತು. ಬೀಗದ ಕೈ ಪ್ಲಂಕೆಟ್ಟರ ಗಡಿಯಾರದ ಸರಪಳಿಗೆ ಸೇರಿತು. ಲವೀನಿಯಾ ಸುರುಳಿಗಳನ್ನು ಮುಟ್ಟಕೂಡದೆಂದು ಆಜ್ಞೆಯಾಯಿತು. ಅಂದಿನಿಂದ ಆಕೆ ಅಡುಗೆಮನೆಯಲ್ಲೇ, ಕಡಾಯಿಯ ಮುಂದೆ, ಎಂಬತ್ತೆರಡರ ವೇಗದಲ್ಲಿ ಒಬ್ಬರೇ ಹೆಜ್ಜೆ ಹಾಕುತ್ತಿದ್ದರು.

೧೯೧೬ರ ಏಪ್ರಿಲ್ ತಿಂಗಳ ಒಂದು ಸೋಮವಾರ ಪ್ಲಂಕೆಟ್ಟರು 'ಹರಕು ಬೂಟಿನ ರ‍್ಯಾಗ್' ಎಂಬ ಕುಣಿತದ ಧಾಟಿಯ ಹೊಸ ಸುರುಳಿಯನ್ನು ತಂದರು. ಹೊಸ ಕಾಗದಕ್ಕೆ ಮನೆಯ ಹವೆ ಒಗ್ಗಲು ಒಂದು ದಿನ ಬೇಕೆಂಬುದು ಅವರ ಸಿದ್ಧಾಂತ. ಆದ್ದರಿಂದ ಅದನ್ನು ನುಡಿಸದೆ, ಬೀರುವಿನಲ್ಲೂ ಇಡದೆ, ಪಿಯಾನೊದ ಮೇಲಿಟ್ಟರು. ಮಂಗಳವಾರ ಎಂದಿನಂತೆ ನಿಲ್ದಾಣಕ್ಕೆ ಹೋಗಿ, ಯಾರೂ ಕೇಳದಿದ್ದರೂ, ಗಾಡಿಗಳು ಎಷ್ಟೆಷ್ಟು ತಡವಾದವೆಂದು ಬರೆದುಕೊಂಡು ಬಂದರು. ಬುಧವಾರ ಬೆಳಿಗ್ಗೆ ಸುರುಳಿ ಏರಿಸಿ, ಎಪ್ಪತ್ತಕ್ಕೆ ವೇಗದ ಮುಳ್ಳು ತಿರುಗಿಸಿ, ಕಾಲೊತ್ತಿದರು.

ರ‍್ಯಾಗ್ ಶುರುವಾಗುವ ಮೊದಲು ಮೂರಡಿಗೂ ಹೆಚ್ಚು ಕಾಗದ ಖಾಲಿ ಓಡಬೇಕು. ಓಡಲಿಲ್ಲ. ಪಿಯಾನೊದ ನಡುವಿನ ಮನೆಗಳಿಂದ ಒಂದು ಸ್ವರಗುಚ್ಛ ಎದ್ದಿತು. ಅದು ಎರಡಾಗಿ ಸೀಳಿ, ಒಂದು ಮಂದ್ರಕ್ಕೆ ಇಳಿದು ಮರೆಯಾಯಿತು. ಇನ್ನೊಂದು ಬಳುಕುತ್ತ ತಾರಕ್ಕೆ ಏರಿತು. ನಡುವೆ ದಡಂ ಎಂದು ಒಂದು ಸಿಡಿಲು! ಏರಿದ ಸ್ವರ ಇನ್ನೂ ಏರಿ, ಕಟ್ಟಕಡೆಯ ಮನೆಯನ್ನು ಮುಟ್ಟಿ, ನಿಂತೇಹೋಯಿತು. ಐದು ಸೆಕೆಂಡು ಗಾಢ ಮೌನ. ಆಮೇಲೆ ಅದೇ ತುದಿಯಿಂದ ಮೆಲ್ಲನೆ ಇಳಿದು ಬಂತು. ಒಟ್ಟು ಇಪ್ಪತ್ತು ಸೆಕೆಂಡು. ಪ್ಲಂಕೆಟ್ಟರ ಕಣ್ಣು ಒದ್ದೆಯಾಯಿತು.

"ಲವೀನಿಯಾ! ಕೇಳಿಸ್ಕೊಂಡೆಯಾ? ಅಂಗಡಿಯ ಪಟ್ಟಿಯಲ್ಲಿ ಈ ಪೀಠಿಕೆಯ ಸುದ್ದೀನೇ ಇಲ್ಲ! ಇದು ಈ ರ‍್ಯಾಗ್ ಕಟ್ಟಿದ ಸಂಗೀತಗಾರ ಗುಟ್ಟಾಗಿ ಬರೆದದ್ದು. ಹೇಗೋ ನನ್ನ ಪ್ರತಿಯಲ್ಲಿ ಮಾತ್ರ ಉಳಿದುಬಿಟ್ಟಿದೆ!"

ಬಾಗಿಲಲ್ಲಿ ನಿಂತಿದ್ದ ಲವೀನಿಯಾರ ಮುಖ ಬಿಳಿಚಿಕೊಂಡಿತು. "ರೀ, ಆ ಸುರುಳಿ ವಿಷಯ… ನಾನು ಒಂದು ಮಾತು…"

"ನಿನಗೇನು ಗೊತ್ತಾಗುತ್ತೆ ಮಾರಾಯ್ತಿ! ಆ ಮೌನ ಇದೆಯಲ್ಲ, ಅದು ಅರ್ಥವಾಗೋಕೆ ಸಂಸ್ಕಾರ ಬೇಕು."

"ಹಾಗಾದರೆ ಶನಿವಾರದವರೆಗೂ ನಾನು ಬಾಯಿ ಬಿಡೋಲ್ಲ," ಎಂದು ಆಕೆ ಒಳಗೆ ಹೋದರು.

ಶನಿವಾರ ಅವರ ಮದುವೆಯಾಗಿ ನಲವತ್ತು ವರ್ಷ ತುಂಬುವ ದಿನ. ನೆರೆಹೊರೆಯವರು ಒಂಬತ್ತು ಮಂದಿ ಬಂದರು. (ಹನ್ನೆರಡು ಎಂದು ಊರಿನಲ್ಲಿ ಹಬ್ಬಿರುವುದು ಸುಳ್ಳು, ಮನೆಯಲ್ಲಿದ್ದ ಕುರ್ಚಿಗಳೇ ಹನ್ನೊಂದು.) ಅವರಲ್ಲಿ ಮುಖ್ಯರಾದವರು ಎನೋಕ್ ಹಾಬ್ಸನ್, ಔಷಧದಂಗಡಿಯಿಂದ ನಿವೃತ್ತರು, ಕಡ್ಡಿಯಂಥ ಆಸಾಮಿ. ಅವರು ಇಂಥದೇ ಪಿಯಾನೊ ಕೊಂಡದ್ದು ಪ್ಲಂಕೆಟ್ಟರಿಗಿಂತ ಆರು ವಾರ ಮೊದಲು. ಈ ಆರು ವಾರಗಳನ್ನು ಪ್ಲಂಕೆಟ್ಟರು ಎಂದೂ ಕ್ಷಮಿಸಿರಲಿಲ್ಲ.

ಸಂಗೀತಗಾರನ ಗುಪ್ತ ರಚನೆಯೆಂಬ ಘೋಷಣೆಯ ಬೆನ್ನಿಗೇ ಪೀಠಿಕೆ ನುಡಿಯಿತು. ಮೌನದ ಹೊತ್ತಿಗೆ ಪ್ಲಂಕೆಟ್ಟರು ಒಂದು ಬೆರಳೆತ್ತಿದರು. ಒಂಬತ್ತು ಮಂದಿಯೂ ಉಸಿರು ಹಿಡಿದರು.

"ಲೋ ಥಡಿಯಸ್," ಎಂದರು ಹಾಬ್ಸನ್, "ನನ್ನ ಹತ್ತಿರಾನೂ ಇದೇ ಸುರುಳಿ ಇದೆ, ಇದೇ ಅಂಗಡೀದು. ಅದರಲ್ಲಿ ಪೀಠಿಕೆ ಗೀಠಿಕೆ ಏನೂ ಇಲ್ಲ. ನಿನ್ನದನ್ನ ಇಲಿ ಕಡಿದಿರಬೇಕು, ನೋಡ್ಕೋ."

"ಇಲಿ! ಹಾಬ್ಸನ್, ನಿನ್ನದು ಹೊಟ್ಟೆಕಿಚ್ಚು. ಈ ಪೀಠಿಕೆ ಬರೆದವರು ಯಾರೇ ಆಗಿರಲಿ, ಅವರ ಮುಂದೆ ನಾನು ಟೋಪಿ ತೆಗೆದು ತಲೆ ಬಾಗಿಸ್ತೀನಿ."

"ಸಂಗೀತಗಾರ ಬರೆದದ್ದಲ್ಲ ಅಂತ ಆದರೆ?"

"ಹಾಗೇನಾದರೂ ಆದರೆ ಈ ಬೀರುವಿನ ಬೀಗದ ಕೈಯನ್ನ ಲವೀನಿಯಾಳ ಕೈಗೆ ಕೊಟ್ಟು, ಇನ್ನು ಮೇಲೆ ಅವಳ ಅಪ್ಪಣೆ ಕೇಳಿ ಸುರುಳಿ ಮುಟ್ತೀನಿ. ಸಾಕೇನಯ್ಯ?"

"ರೀ, ಬೇಡ ಕಣ್ರೀ," ಎಂದರು ಲವೀನಿಯಾ ಮೆಲ್ಲಗೆ.

ಸಾಕ್ಷ್ಯವಿಲ್ಲದೆ ವಾದಿಸುವುದು ಪ್ಲಂಕೆಟ್ಟರ ಜಾಯಮಾನವಲ್ಲ. ಸುರುಳಿಯನ್ನು ಕಳಚಿ, ಊಟದ ಮೇಜಿನ ಮೇಲೆ ಬಿಚ್ಚಿ, ಅಳತೆಗೋಲು ತಂದರು. "ಅಗಲ ಹನ್ನೊಂದೂಕಾಲು ಅಂಗುಲ. ಪೀಠಿಕೆಯ ಉದ್ದ ಇಪ್ಪತ್ತೆಂಟು ಅಂಗುಲ. ಇದೋ ಸಿಡಿಲು, ಒಂದೇ ಸಾಲಿನಲ್ಲಿ ಏಳು ತೂತು. ಇಲ್ಲಿ ಏಳಂಗುಲ ಏನೂ ಇಲ್ಲ. ಇದೇ ಆ ಮೌನ!"

ಎಲ್ಲರೂ ಬಾಗಿ ನೋಡಿದರು. ಹಾಬ್ಸನ್ ಕತ್ತು ವಾಲಿಸಿ ನೋಡಿದರು. "ಇದು ಭುಜ ಅಲ್ವೇನೋ?" ಎಂದರು. "ಇದು ತೋಳಿನ ಕಂಕುಳು. ಇದು ಕೊರಳು…"

ಲವೀನಿಯಾ ನಿಟ್ಟುಸಿರು ಬಿಟ್ಟು ಒಳಗಿನಿಂದ ಒಂದು ಪೊಟ್ಟಣ ತಂದರು. ಅದರಲ್ಲಿ ಕಂದು ಬಣ್ಣದ, ತೋಳಿಲ್ಲದ ಹೊಸ ವೇಸ್ಟ್‌ಕೋಟು ಇತ್ತು. ಅದರ ಒಂದು ಮಗ್ಗುಲನ್ನು ಸುರುಳಿಯ ಮೇಲೆ ಹಾಸಿದರು. ಭುಜಕ್ಕೆ ಭುಜ, ಕೊರಳಿಗೆ ಕೊರಳು, ತೂತಿಗೆ ತೂತು ಕೂಡಿತು. ಸಿಡಿಲಿದ್ದ ಕಡೆ ಗಡಿಯಾರದ ಜೇಬು ಬಂದು ಕೂತಿತು. ಮೌನವಿದ್ದ ಕಡೆ ಮಾತ್ರ ವೇಸ್ಟ್‌ಕೋಟು ಕಾಗದದ ಅಂಚನ್ನು ದಾಟಿ, ಮೇಜಿನ ಮೇಲೆ ಚಾಚಿಕೊಂಡಿತು.

"ನಲವತ್ತು ವರ್ಷಕ್ಕೆ ಉಡುಗೊರೆ ಅಂತ ನಿಮಗೆ ತಿಳೀದ ಹಾಗೆ ಹೊಲಿದೆ," ಎಂದರು ಲವೀನಿಯಾ. "ಅಳತೆಗೆ ಕಾಗದ ಬೇಕಿತ್ತು. ಪತ್ರಿಕೆಗಳನ್ನ ನೀವು ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೀರಿ, ಕತ್ತರಿಸೋ ಹಾಗಿಲ್ಲ. ಇದರ ತುದಿ ಖಾಲಿ ಇತ್ತು. ನಿಮ್ಮ ಹಳೇ ವೇಸ್ಟ್‌ಕೋಟನ್ನ ಇದರ ಮೇಲಿಟ್ಟು ಸುತ್ತ ದಬ್ಬಳದಲ್ಲಿ ಚುಚ್ಚಿದೆ. ಪಕ್ಕದ ಹೊಲಿಗೆ ನೇರ, ಅದಕ್ಕೆ ಕಾಗದದ ಅಂಚೇ ಸಾಕಾಯ್ತು. ಅದು ಹೀಗೆ ಹಾಡುತ್ತೆ ಅಂತ ನನಗೇನು ಕನಸು ಬಿದ್ದಿತ್ತೇ?"

"ಮತ್ತೆ… ಆ ಮೌನ?" ಪ್ಲಂಕೆಟ್ಟರು ಅಳತೆಗೋಲನ್ನು ಕೆಳಗಿಟ್ಟರು.

"ಅದು ನಿಮ್ಮ ಹೊಟ್ಟೆ ಕಣ್ರೀ. ಕಾಗದ ಸಾಲಲಿಲ್ಲ. ಆಮೇಲೆ ಹಳೇದನ್ನೇ ಬಟ್ಟೆ ಮೇಲಿಟ್ಟು ಅಷ್ಟು ಭಾಗ ಗುರುತು ಮಾಡ್ಕೊಂಡೆ."

ಒಂಬತ್ತು ಮಂದಿ ನಕ್ಕ ನಗುವಿಗೆ ಪಿಯಾನೊದ ತಂತಿಗಳೂ ಝಂಕರಿಸಿದವು. ಆದರೆ ಪ್ಲಂಕೆಟ್ಟರು ಮಾತು ತಪ್ಪುವವರಲ್ಲ. ಗೂಟದಿಂದ ಟೋಪಿ ತಂದು ತಲೆಗಿಟ್ಟು, ಅದನ್ನು ವಿಧಿವತ್ತಾಗಿ ತೆಗೆದು, ಪೀಠಿಕೆಯ ಕರ್ತೃವಿಗೆ ತಲೆ ಬಾಗಿಸಿದರು. ಸರಪಳಿಯಿಂದ ಬೀಗದ ಕೈ ಬಿಡಿಸಿ ಕೊಟ್ಟರು. ಲವೀನಿಯಾ ಅದನ್ನು ಸೆರಗಿಲ್ಲದ ಕಾರಣ ಏಪ್ರನ್ನಿನ ದಾರಕ್ಕೆ ಕಟ್ಟಿಕೊಂಡು, ವೇಸ್ಟ್‌ಕೋಟನ್ನು ಗಂಡನಿಗೆ ತೊಡಿಸಿದರು. ಅದು ಮೈಗೆ ಎರಕ ಹೊಯ್ದಂತೆ ಕೂತಿತು.

"ಇನ್ನೊಂದು ಸಲ ನುಡಿಸಮ್ಮಾ ಆ ವೇಸ್ಟ್‌ಕೋಟನ್ನ!" ಎಂದರು ಹಾಬ್ಸನ್, ಕಣ್ಣೊರೆಸಿಕೊಳ್ಳುತ್ತ.

ಲವೀನಿಯಾ ಪಿಯಾನೊದ ಮುಂದೆ ಕೂತು ಕಾಲೊತ್ತಿದರು. ಭುಜ ನುಡಿಯಿತು, ಕೊರಳು ನುಡಿಯಿತು. ವೇಗ ಎಪ್ಪತ್ತನ್ನು ಮೀರಿತೆಂದು ಪ್ಲಂಕೆಟ್ಟರ ಕಿವಿಗೆ ಖಚಿತವಾಯಿತು. ಗಡಿಯಾರ ತೆಗೆಯಲು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. ಅದೇ ಕ್ಷಣ ದಡಂ ಎಂದು ಜೇಬು ನುಡಿಯಿತು. ಅವರು ಬೆಚ್ಚಿ ಕೈ ತೆಗೆದರು.

ಸ್ವರ ಏರಿತು, ಏರಿತು, ಕೊನೆಯ ಮನೆ ಮುಟ್ಟಿ ಅಂಚು ದಾಟಿತು. ಎಲ್ಲರ ಕಣ್ಣುಗಳೂ ಒಂದೇ ಕಡೆ ತಿರುಗಿದವು. ಪ್ಲಂಕೆಟ್ಟರು ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಶಕ್ತಿಮೀರಿ ಒಳಗೆಳೆದುಕೊಂಡರು. ಮೌನ ಮಾತ್ರ ಒಂದಿಷ್ಟೂ ಕಿರಿದಾಗಲಿಲ್ಲ.