ಹಿರಿಯರು ಕಂಡರೆ ಸೈಕಲ್ ಇಳಿಯಬೇಕು

ಸೈಕಲ್ ತುಳಿಯುವುದರಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬಬ್ಬೂರಿನಿಂದ ಹಿರಿಯೂರಿಗೆ ನಲವತ್ತು ವರ್ಷ ತುಳಿದವನು ನಾನು. ಆದ್ದರಿಂದ ಮೊಮ್ಮಗಳು ಶೋಭಾ ಬಂದು, "ತಾತ, ಸೋಮವಾರ ನಮ್ಮ ಬಳಗದ ಸೈಕಲ್ ಮೆರವಣಿಗೆ ಐತೆ, ನೀನೇ ಮುಂದಿರ್ಬೇಕು" ಎಂದಾಗ, ಇಷ್ಟು ದಿನ ಯಾಕೆ ಕರೆಯಲಿಲ್ಲ ಎನಿಸಿತು, ಅಷ್ಟೇ.

ಶೋಭಾ ಕಾಲೇಜು ಓದುತ್ತಾಳೆ. ಗೆಳತಿಯರ ಜೊತೆ ಸೇರಿ ಒಂದು ಬಳಗ ಕಟ್ಟಿದ್ದಾಳೆ. ಹತ್ತಿರದ ಕೆಲಸಕ್ಕೆ ಬೈಕು ಬೇಡ, ನಡೆಯಿರಿ, ಸೈಕಲ್ ತುಳಿಯಿರಿ ಎಂದು ಮನೆಮನೆಗೆ ಹೋಗಿ ಹೇಳುತ್ತಾರೆ. ಹಿರಿಯೂರಿನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಬೇರೆ ಜಾಗ ಬಿಡಬೇಕೆಂದು ಅರ್ಜಿ ಬರೆದು, ತಿಂಗಳುಗಟ್ಟಲೆ ಅಲೆದು ಸಹಿ, ಹೆಬ್ಬೆಟ್ಟು ಹಾಕಿಸಿದ್ದರು. ಅದನ್ನು ಸೋಮವಾರ ಹನ್ನೊಂದು ಗಂಟೆಯೊಳಗೆ ಹಿರಿಯೂರಿನ ತಹಸೀಲ್ದಾರ್ ಸಾಹೇಬರ ಕೈಗೆ ಕೊಡಬೇಕು. ಆಮೇಲೆ ಅವರು ಮೀಟಿಂಗಿಗೆ ಹೊಸದುರ್ಗಕ್ಕೆ ಹೊರಡುತ್ತಾರೆ.

ಸೋಮವಾರ ಬೆಳಿಗ್ಗೆ ಅರ್ಜಿಯನ್ನು ನನ್ನ ಅಂಗಿ ಜೇಬಿಗಿಟ್ಟು ಶೋಭಾ ಎಲ್ಲರಿಗೂ ಹೇಳಿದಳು: "ತಾತ ಏನ್ ಮಾಡ್ತಾರೋ ಹಿಂದಿನವರು ಅದನ್ನೇ ಮಾಡ್ಬೇಕು. ಯಾರೂ ಮುಂದೆ ನುಗ್ಗಂಗಿಲ್ಲ." ಹೇಳಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಅವಳು ಕೊನೆಗೆ ಹೋದಳು.

ನನ್ನ ಹೆಂಡತಿ ಗಂಗಮ್ಮ ಬಾಗಿಲಲ್ಲಿ ನಿಂತು, "ಹೋದ ವಾರ ಕೋಳಿಗೆ ಗುದ್ದಿದವರನ್ನ ಮುಂದೆ ಬಿಟ್ಟಿದ್ದೀಯಲ್ಲೇ" ಎಂದು ಅವಳಿಗೆ ಕೂಗಿದಳು.

ಊರು ದಾಟಿ ತಿರುಗಿ ನೋಡಿದೆ. ಸೈಕಲ್ಲೋ ಸೈಕಲ್ಲು. ಹುಡುಗಿಯರು, ಮೇಷ್ಟ್ರು, ಹಾಲಿನವನು. ಎಲ್ಲರೂ ಒಟ್ಟಿಗೆ ಬೆಲ್ಲು ಹೊಡೆದರೆ ಎಮ್ಮೆಗಳೂ ದಾರಿ ಬಿಟ್ಟವು. ನನ್ನ ಮೊಮ್ಮಗಳು ಇಷ್ಟು ಜನರನ್ನು ಎಬ್ಬಿಸಿದ್ದಳು. ನಾನು ಇಡೀ ಆಯುಷ್ಯದಲ್ಲಿ ಎಬ್ಬಿಸಿದ್ದು ಎರಡು ಎತ್ತು. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಎದುರಿಗೆ ರುದ್ರಪ್ಪಗೌಡರು ಬಂದರು. ನನಗಿಂತ ಹತ್ತು ವರ್ಷ ಹಿರಿಯರು. ಹಿರಿಯರು ಕಂಡರೆ ಸೈಕಲ್ ಇಳಿಯಬೇಕೆಂದು ನಮ್ಮಪ್ಪ ಕಲಿಸಿದ್ದ. ಇಳಿದೆ. ಹಿಂದೆ ಅಷ್ಟೂ ಜನ ದಬದಬ ಇಳಿದರು.

ಗೌಡರು ಗಾಬರಿಯಾದರು. "ಏನಪ್ಪ, ನಾನು ಸತ್ತೆ ಅಂತ ಯಾರಾದ್ರೂ ಹೇಳಿದ್ರಾ?"

ಅವರನ್ನು ಸಮಾಧಾನಮಾಡಿ ಹತ್ತಿದೆವು. ಆಮೇಲೆ ಮಠದ ಅಯ್ಯನವರು. ಇಳಿದೆವು. ನಮ್ಮ ಬೀಗರು. ಇಳಿದೆವು, ಬೀಗಿತ್ತಿಯ ಮಂಡಿನೋವನ್ನೂ ವಿಚಾರಿಸಿದೆವು. ಅವತ್ತು ತಾಲ್ಲೂಕಿನ ಹಿರಿಯರೆಲ್ಲ ಆ ರಸ್ತೆಗೇ ಬಂದಿದ್ದರು.

ಬಸ್ ಸ್ಟ್ಯಾಂಡ್ ರಸ್ತೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಎದುರಿಗೊಂದು ಜೀಪು ಬಂತು. ಅದರ ಮೇಲೆ ಏನೋ ಬರೆದಿತ್ತು. ನನ್ನ ಓದು ಎರಡನೇ ಕ್ಲಾಸು, ನಾನು ಅಕ್ಷರ ಕೂಡಿಸುವಷ್ಟರಲ್ಲಿ ಜೀಪು ಪಕ್ಕಕ್ಕೇ ಬಂದಿತ್ತು. ಒಳಗಿದ್ದವನು ನನ್ನ ಕಿರಿಮಗನಿಗಿಂತ ಚಿಕ್ಕವನು. ಚಿಕ್ಕವರಿಗೆ ಇಳಿಯುವ ಪದ್ಧತಿ ನಮ್ಮಲ್ಲಿಲ್ಲ. ಗಂಭೀರವಾಗಿ ಮುಂದಕ್ಕೆ ತುಳಿದೆ. ಅಷ್ಟೂ ಜನ ಗಂಭೀರವಾಗಿ ತುಳಿದರು. ಪಾಪ, ಜೀಪಿನವನು ಕೈಬೀಸಿ ಹೋದ.

"ತಾತ, ಅವರೇ ಸಾಹೇಬ್ರು!" ಕೊನೆಯಿಂದ ಶೋಭಾ ಕೂಗಿದಳು.

ಓಡಿ ಬಂದು ನನ್ನ ಜೇಬಿಗೆ ಕೈ ಹಾಕಿದಳು. ಅರ್ಜಿ ಬೆವರಿಗೆ ಒದ್ದೆಯಾಗಿತ್ತು. ಅವಳ ತಿಂಗಳುಗಟ್ಟಲೆಯ ಅಲೆದಾಟವನ್ನು ನನ್ನ ಮರ್ಯಾದೆ ನುಂಗಿತ್ತು.

ಆದರೆ ಜೀಪು ದೂರ ಹೋಗಿರಲಿಲ್ಲ. ಒಂದು ಬಸ್ಸಿಗೂ ಈರುಳ್ಳಿ ಲಾರಿಗೂ ನಡುವೆ ಸಿಕ್ಕಿಕೊಂಡು ಹಾರನ್ ಹೊಡೆಯುತ್ತಿತ್ತು. ಸೈಕಲ್ಲಿಗೂ ಜಾಗವಿರಲಿಲ್ಲ. ಶೋಭಾ ಸಂದಿಯಲ್ಲಿ ಕಾಲ್ನಡಿಗೆಯಲ್ಲೇ ನುಗ್ಗಿ ಸಾಹೇಬರ ಕೈಗೆ ಅರ್ಜಿ ಕೊಟ್ಟಳು.

"ಓದ್ಕಳ್ರಿ ಸರ್. ಹೆಂಗೂ ಜೀಪು ಮುಂದಕ್ಕೆ ಹೋಗಲ್ಲ" ಎಂದಳು.

ಅವರು ಓದಿದರು. ಲಾರಿ ನೋಡಿದರು. ಮತ್ತೆ ಓದಿ, ಜೀಪಿನ ಬಾನೆಟ್ ಮೇಲಿಟ್ಟು ಸಹಿ ಹಾಕಿದರು. ಗುರುವಾರ ತಾವೇ ಬಂದು ರಸ್ತೆ ಅಳೆಸುವುದಾಗಿ ಹೇಳಿದರು. ನಾನು ಬಾಯಿ ತೆರೆದು ನಿಂತಿದ್ದೆ. ಇವಳನ್ನು ಎತ್ತಿ ಆಡಿಸಿದವನು ನಾನೇನಾ?

ಸಂಜೆ ಶೋಭಾ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ತಾತ, ಮುಂದಿನ ಸಲ ಬರೀ ಕಾಲ್ನಡಿಗೆ ಮೆರವಣಿಗೆ. ಇಳಿಯಾಕೆ ಏನೂ ಇರಲ್ಲ. ಧೈರ್ಯವಾಗಿ ಬಾ."

ಬರುತ್ತೇನೆ ಎಂದೆ. ಹಿರಿಯರು ಕಂಡರೆ ಚಪ್ಪಲಿ ಬಿಡಬೇಕೆಂದೂ ನಮ್ಮಪ್ಪ ಕಲಿಸಿದ್ದನ್ನು ಅವಳಿಗೆ ಇನ್ನೂ ಹೇಳಿಲ್ಲ.