ಕೋಟೆಯ ಬಾಗಿಲು ತೆರೆಯಲು ಅನುಮತಿ ಕೋರಿ

ಇತಿಹಾಸ ಅಧ್ಯಾಪಕರ ವೃತ್ತಿ ಅಭಿವೃದ್ಧಿ ಕಾರ್ಯಾಗಾರಗಳ ಸಂಚಾಲಕರ ಸನ್ನಿಧಿಗೆ
(ಒಂದು ಪ್ರತಿ ನಮ್ಮ ಕಾಲೇಜಿನ ನೋಟೀಸ್ ಬೋರ್ಡಿಗೆ, ಪಿನ್ನು ಸಿಕ್ಕರೆ)

ಮಾನ್ಯರೇ,

ಮೊಟ್ಟಮೊದಲು, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ತಮ್ಮಂಥ ದೊಡ್ಡವರಿಗೆ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ನೇರವಾಗಿ ಬರೆಯಬಹುದೇ, ಬರೆದರೆ ಯಾರಾದರೂ ಕರೆಸಿ ಬೈಯುತ್ತಾರೆಯೇ ಎಂದು ಯೋಚಿಸಿ ಯೋಚಿಸಿ ಸಾಕಾಗಿ, ಕೊನೆಗೆ ಹಾಸ್ಟೆಲಿನ ವಾರ್ಡನ್ ಆಂಟಿಯನ್ನು ಕೇಳಿದೆ. "ದೊಡ್ಡೋರಿಗೆ ಬರೆಯೋವಾಗ ಮೊದಲು ಹೊಗಳಬೇಕು ಕಣೇ, ಆಮೇಲೆ ಹೇಳೋದು ಹೇಳ್ಬೇಕು" ಎಂದರು. ನಾನು ಚಿಕ್ಕಂದಿನಿಂದ ಹಾಸ್ಟೆಲುಗಳಲ್ಲೇ ಬೆಳೆದವಳು. ನನ್ನ ಕನ್ನಡದ ಅರ್ಧ ಭಾಗ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಕಲಿತದ್ದು, ಉಳಿದರ್ಧ ಇನ್ನೂ ಇಂಗ್ಲಿಷಿನಲ್ಲೇ ಇದೆ. ಎಲ್ಲಾದರೂ ಮರ್ಯಾದೆ ಕಡಿಮೆ ಕಂಡರೆ ಅದನ್ನು ಭಾಷೆಯ ಕೊರತೆ ಎಂದು ತಾವು ದೊಡ್ಡ ಮನಸ್ಸಿನಿಂದ ಭಾವಿಸಬೇಕು.

ಆಂಟಿ ಹೇಳಿದಂತೆ ಮೊದಲು ಹೊಗಳಿಕೆ. ನಮ್ಮ ಇತಿಹಾಸದ ಮೇಡಂ ಅವರನ್ನು ಇನ್ನಷ್ಟು ಉತ್ತಮ ಅಧ್ಯಾಪಕಿಯನ್ನಾಗಿ ಮಾಡಲು ತಾವು ಪಡುತ್ತಿರುವ ಶ್ರಮವನ್ನು ನಮ್ಮ ತರಗತಿ ಬಹಳ ಹತ್ತಿರದಿಂದ ಕಂಡಿದೆ; ಮೇಡಂ ಅವರನ್ನು ಮಾತ್ರ ಅಷ್ಟು ಹತ್ತಿರದಿಂದ ಕಾಣಲು ಆಗಿಲ್ಲ. ಕಾಲೇಜು ಶುರುವಾದಾಗಿನಿಂದ ತಾವು ಅವರನ್ನು ಎಷ್ಟು ಸಲ ಕಾರ್ಯಾಗಾರಗಳಿಗೆ ಕರೆಸಿಕೊಂಡಿದ್ದೀರೆಂದರೆ, ಈಗ ಹಾಜರಾತಿಯ ಹೊತ್ತಿಗೆ ನಾವೆಲ್ಲ ಬಂದು ಕೂತು, ಮೇಡಂ ಬಂದಿದ್ದಾರೆಯೇ ಎಂದು ನಾವೇ ಕೂಗಿ ನೋಡುವ ಪದ್ಧತಿ ಬೆಳೆದಿದೆ.

ವಿಷಯ ಇಷ್ಟು. ಮೊದಲನೇ ವಾರ ಮೇಡಂ ಒಂದು ಕೋಟೆಯ ಮುತ್ತಿಗೆಯ ಪಾಠ ಎತ್ತಿಕೊಂಡರು. ನಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು: ದೀರ್ಘ ಮುತ್ತಿಗೆಯ ನಂತರ ಕೋಟೆ ಕೈಬದಲಾಯಿತು. ಮೇಡಂ ಆ ಸಾಲನ್ನು ಓದಿ, ಪುಸ್ತಕ ಮುಚ್ಚಿ, ಕಿಟಕಿಗೆ ಒರಗಿ ನಿಂತು, "ಕೋಟೆ ತಾನಾಗಿ ಕೈಬದಲಾಗಲ್ಲ. ಯಾರೋ ಒಬ್ರು ಬಾಗಿಲು ತೆಗೀಬೇಕು. ಯಾರು ತೆಗೆದ್ರು?" ಎಂದು ಕೇಳಿದರು. ಆಮೇಲೆ ಮೇಡಂ ಮಾತಿನ ಜೊತೆ ನಮ್ಮ ತರಗತಿಗೆ ಬಾಗಿಲು ಕಾಯುವವನೊಬ್ಬ ಬಂದ. ಅವನ ಸೊಂಟದಲ್ಲಿ ಬೀಗದ ಕೈ. ಕೋಟೆಯೊಳಗೆ ಅವನ ಮಗಳು ಜ್ವರದಲ್ಲಿ ಮಲಗಿದ್ದಾಳೆ, ಬಾವಿ ಬತ್ತಿದೆ. ಹೊರಗಿನ ಸೈನ್ಯದಲ್ಲಿ ಅವನ ಒಡಹುಟ್ಟಿದ ತಮ್ಮ. ಕತ್ತಲಾದ ಮೇಲೆ ಗೋಡೆಯ ಬುಡಕ್ಕೆ ಬಂದು "ಅಣ್ಣಾ, ನೀರು ತಂದಿದೀನಿ" ಎಂದು ಮೆಲ್ಲಗೆ ಕರೆಯುತ್ತಿದ್ದಾನೆ. ಕಾಯುವವನು ಎದ್ದ, ಸೊಂಟಕ್ಕೆ ಕೈಹಾಕಿದ. ಅಷ್ಟರಲ್ಲಿ ಆಫೀಸಿನ ಅಟೆಂಡರ್ ಬಾಗಿಲಲ್ಲಿ ತಲೆ ತೂರಿಸಿ, "ಮೇಡಂ, ನಿಮಗೆ ಟ್ರೈನಿಂಗ್ ಬಂದಿದೆ" ಎಂದರು, ಯಾರಿಗೋ ಕಾಮಾಲೆ ಬಂದಿದೆ ಎನ್ನುವ ಧ್ವನಿಯಲ್ಲಿ. ಮೇಡಂ ಹೋದರು. ಮಾನ್ಯರೇ, ಅಂದಿನಿಂದ ಆ ಮನುಷ್ಯ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದಾನೆ. ಮಗುವಿನ ಜ್ವರ ಇಳಿದಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ, ಲೈಬ್ರರಿಯನ್ನೆಲ್ಲ ಜಾಲಾಡಿದ್ದೇನೆ; ಹಳೆಯ ಕಡತಗಳಲ್ಲಿ ವರ್ಷಗಟ್ಟಲೆ ಕೂತು ಮೇಡಂ ತಾವೇ ಕಂಡುಕೊಂಡದ್ದಂತೆ.

ಒಂದು ಕತೆಗಾಗಿ ಇಷ್ಟೊಂದು ಒದ್ದಾಟವೇ ಎಂದು ತಮಗನಿಸಬಹುದು. ನನ್ನ ಕಷ್ಟ ಸ್ವಲ್ಪ ಬೇರೆ. ಅಪ್ಪ ಅಮ್ಮ ದೂರದಲ್ಲಿ ಕೆಲಸದಲ್ಲಿರುವುದರಿಂದ ನನ್ನ ಓದಿನ ಉಸ್ತುವಾರಿಯೆಲ್ಲ ಚಿಕ್ಕಪ್ಪನದು. ಅವರು ನನಗಾಗಿ ಕಾಮರ್ಸ್ ವಿಭಾಗದಲ್ಲಿ ಒಂದು ಸೀಟು ಹಿಡಿದಿಟ್ಟಿದ್ದಾರೆ, ಬಸ್ಸಿನಲ್ಲಿ ಕರ್ಚೀಫು ಹಾಕಿದ ಹಾಗೆ. "ಹಿಸ್ಟರಿ ಓದಿ ಏನ್ ಮಾಡ್ತೀಯಾ ಪುಟ್ಟಿ? ಸತ್ತೋರು ಬಂದು ಕೆಲಸ ಕೊಡ್ತಾರಾ?" ಎಂದು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ವಿಷಯ ಬದಲಾಯಿಸಲು ಈ ಶುಕ್ರವಾರ ಕೊನೆಯ ದಿನ. ಹೆದರುತ್ತಲೇ ಮೇಡಂ ಹತ್ತಿರ ಹೇಳಿದಾಗ ಅವರು ಬೈಯಲಿಲ್ಲ. "ಹೋಗೋದಾದ್ರೆ ಹೋಗಮ್ಮ, ನಾನ್ಯಾಕೆ ತಡೀಲಿ. ಆದ್ರೆ ಬಾಗಿಲು ತೆಗೆದೋರು ಯಾರು ಅಂತ ಕೇಳ್ಕೊಂಡು ಹೋಗು. ಅದನ್ನ ಕೇಳಿದ್ಮೇಲೂ ಕಾಮರ್ಸೇ ಬೇಕು ಅನ್ಸಿದ್ರೆ ನಾನೇ ಸಹಿ ಹಾಕಿಕೊಡ್ತೀನಿ" ಎಂದರು. ಹಾಗಾದರೆ ಈಗಲೇ ಹೇಳಿ ಎಂದರೆ, ಅದು ಕಾರಿಡಾರಿನಲ್ಲಿ ಹೇಳುವಂಥದ್ದಲ್ಲ, ಫೋನಿನಲ್ಲಂತೂ ಅಲ್ಲವೇ ಅಲ್ಲ, ಎಲ್ಲರೂ ಕೂತಿರಬೇಕು ಎಂದರು. ನಾವು ಎಲ್ಲರೂ ಕೂತೆವು. ತಾವು ಮತ್ತೆ ಕರೆಸಿಕೊಂಡಿರಿ.

ಒಂದೊಂದು ಕಾರ್ಯಾಗಾರದಿಂದಲೂ ಮೇಡಂ ಹೊಸ ಮನುಷ್ಯರಾಗಿ ಮರಳಿದರು ಎಂಬುದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳುತ್ತೇನೆ. ಮೊದಲ ಸಲ ಬಂದಾಗ, ಅಧ್ಯಾಪಕರು ಮಾತಾಡಬಾರದು, ಮಕ್ಕಳು ಅನುಭವಿಸಬೇಕು ಎಂಬ ತಮ್ಮ ಸೂತ್ರದ ಪ್ರಕಾರ ಮುತ್ತಿಗೆಯನ್ನು ನಾಟಕವಾಗಿ ಆಡಿಸಿದರು. ನನಗೆ ಬಾಗಿಲಿನ ಪಾತ್ರ ಬಂತು. ತಾಸುಗಟ್ಟಲೆ ಕೈ ಅಗಲಿಸಿ ನಿಂತು ಮರದ ಬಾಗಿಲೊಂದರ ಮನೋಭಾವವನ್ನು ಚೆನ್ನಾಗಿ ಅರ್ಥಮಾಡಿಕೊಂಡೆ. ನನ್ನನ್ನು ತೆರೆದವರು ಯಾರೆಂದು ಮಾತ್ರ ಬೆಲ್ಲು ಹೊಡೆದರೂ ತಿಳಿಯಲಿಲ್ಲ. ಇನ್ನೊಮ್ಮೆ ಬಂದಾಗ ಕಂಪ್ಯೂಟರಿನಲ್ಲಿ ಬಾಗಿಲಿನ ಚಿತ್ರ ತಂದಿದ್ದರು, ಗುಂಡಿ ಒತ್ತಿದರೆ ಅದು ತೆರೆಯಬೇಕಿತ್ತು. ಪ್ರೊಜೆಕ್ಟರ್ ಪಾಸ್‌ವರ್ಡ್ ಕೇಳಿತು. ಶತ್ರುಸೈನ್ಯಕ್ಕೂ ಇಷ್ಟು ತೊಂದರೆಯಾಗಿರಲಾರದು. ಕೊನೆಗೊಂದು ದಿನ ಎಲ್ಲ ಬಿಟ್ಟು ಕಿಟಕಿಗೆ ಒರಗಿ "ಅವನು ಎದ್ದ" ಎಂದು ಮತ್ತೆ ಶುರುಮಾಡಿದ್ದರು. ತಾವು ಕಳಿಸಿದ ವೀಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಗಡಿಯಾರ ಹಿಡಿದು ಕೂತಿದ್ದು ಮೇಡಂ ಕಣ್ಣಿಗೆ ಬಿತ್ತು, ಕತೆ ಅಲ್ಲಿಗೇ ನಿಂತಿತು. ಅಧ್ಯಾಪಕಿ ಅತಿಯಾಗಿ ಮಾತಾಡುತ್ತಾರೆ ಎಂದು ಆ ವೀಕ್ಷಕರು ವರದಿ ಕೊಟ್ಟರಂತೆ, ಅದಕ್ಕಾಗಿಯೇ ಇನ್ನೊಂದು ಕಾರ್ಯಾಗಾರ ಬಂತು.

ನಾನು ತಡೆಯಲಾರದೆ ಹೊರಟುಬಂದದ್ದು ಆ ಕಾರ್ಯಾಗಾರಕ್ಕೆ. ಮೇಡಂ ಅವರನ್ನು ಚಹಾ ವಿರಾಮದಲ್ಲಿ ಹಿಡಿಯೋಣ, ಅಲ್ಲಿ ಜನರೂ ಕೂತಿರುತ್ತಾರೆ, ಅವರ ಷರತ್ತೂ ಪೂರೈಸಿದಂತಾಗುತ್ತದೆ ಎಂಬುದಷ್ಟೇ ನನ್ನ ಆಸೆ. ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿಕೊಂಡಿದ್ದ ತಮ್ಮ ಸಿಬ್ಬಂದಿ ನನ್ನನ್ನು ನೋಡಿದ್ದೇ "ಯಾಕ್ ಮೇಡಂ ಇಷ್ಟ್ ಲೇಟು, ಇಲ್ಲಿ ಸೈನ್ ಮಾಡಿ" ಎಂದು ರಿಜಿಸ್ಟರ್ ತಿರುಗಿಸಿದರು. ಹಾಸ್ಟೆಲಿನಲ್ಲಿ ಬೆಳೆದವರಿಗೆ ಬಾಗಿಲಲ್ಲಿ ಯಾರಾದರೂ ರಿಜಿಸ್ಟರ್ ತಿರುಗಿಸಿದರೆ ಪ್ರಶ್ನೆ ಕೇಳುವ ಅಭ್ಯಾಸವಿಲ್ಲ. ತಲೆ ತಗ್ಗಿಸಿ ಸಹಿ ಹಾಕುತ್ತೇವೆ, ತಲೆ ತಗ್ಗಿಸಿ ಒಳಗೆ ಹೋಗುತ್ತೇವೆ. ನನ್ನ ಕೊರಳಿಗೆ ಒಂದು ದಾರ ಬಿತ್ತು. ಅದರ ತುದಿಯ ಕಾರ್ಡಿನಲ್ಲಿ ನಾನು ಇತಿಹಾಸ ಅಧ್ಯಾಪಕಿಯಾಗಿದ್ದೆ.

ಒಳಗೆ ಕಂಡದ್ದನ್ನು ಎಷ್ಟು ಹೊಗಳಿದರೂ ಸಾಲದು. ತಲೆ ನರೆತ ಅಧ್ಯಾಪಕರು ವೃತ್ತವಾಗಿ ನಿಂತು ಉಲ್ಲನ್ನಿನ ಉಂಡೆಯನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಾ, ತಾವು ಯಾವ ಹಣ್ಣಾಗಲು ಬಯಸುತ್ತೀರೆಂದು ಹೇಳಿಕೊಳ್ಳುತ್ತಿದ್ದರು. ಸಾಮ್ರಾಜ್ಯಗಳ ಏಳುಬೀಳನ್ನು ಅರೆದು ಕುಡಿದವರು ಸಪೋಟ ಎಂದು ಒಪ್ಪಿಕೊಳ್ಳುವಾಗ ಅವರ ಮುಖದಲ್ಲಿದ್ದ ವಿನಯವನ್ನು ನಾನು ಮರೆಯಲಾರೆ. ಆಮೇಲೆ ಹಳೆಯ ಪೇಪರುಗಳಿಂದ ಗೋಪುರ ಕಟ್ಟಿಸಿದಿರಿ. ನನ್ನ ಗುಂಪಿನಲ್ಲಿದ್ದ, ಇನ್ನೇನು ನಿವೃತ್ತಿಯಾಗಲಿರುವ ಮೇಷ್ಟ್ರೊಬ್ಬರು ಗೋಂದು ಹಚ್ಚುತ್ತಾ, "ಹೊಸಬಳಾ ಮಗು? ಚಿಂತೆ ಮಾಡ್ಬೇಡ. ನಾನ್ ಕಟ್ಟಿದ್ದು ಒಂದೂ ನಿಂತಿಲ್ಲ, ಇಂಕ್ರಿಮೆಂಟೂ ನಿಂತಿಲ್ಲ" ಎಂದು ಧೈರ್ಯ ಹೇಳಿದರು. ಹಳೆಯ ಶಾಸನಗಳನ್ನು ಮಕ್ಕಳಿಗೆ ಓದಿಸುವುದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ ತಮ್ಮ ಸಂಪನ್ಮೂಲ ವ್ಯಕ್ತಿಗಳು "ಸರ್, ಪ್ಲೀಸ್, ಇಲ್ಲಿ ಹಿಸ್ಟರಿ ಬೇಡ, ಮೆಥಡ್ ಮಾತ್ರ" ಎಂದು ಕೈಮುಗಿದು, ಪ್ರಶ್ನೆಯನ್ನು ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಅವರು ಈ ಮೊದಲು ಹೋಟೆಲುಗಳಲ್ಲೂ ತರಬೇತಿ ಕೊಟ್ಟವರೆಂದು ಹೇಳಿಕೊಂಡರು. ಹೇಳದಿದ್ದರೂ ತಿಳಿಯುತ್ತಿತ್ತು, ಗ್ರಾಹಕರು ಕೋಣೆ ಖಾಲಿ ಮಾಡುವಾಗ ನಗುಮುಖದಿಂದ ಬೀಳ್ಕೊಡಿ ಎಂಬ ಸ್ಲೈಡು ಬಂದಾಗ ಎಲ್ಲ ಅಧ್ಯಾಪಕರೂ ಅದನ್ನು ನಿಷ್ಠೆಯಿಂದ ಬರೆದುಕೊಂಡರು.

ಆಮೇಲೆ ಚಹಾ ವಿರಾಮ. ನಾನು ಏಳುವಷ್ಟರಲ್ಲಿ ಬಾಗಿಲ ಮೇಜಿನವರು ನನ್ನ ಕಾರ್ಡು ಹಿಡಿದು, "ಫೀಡ್‌ಬ್ಯಾಕ್ ಬರೀದೇ ಕೂಪನ್ ಇಲ್ಲ ಮೇಡಂ" ಎಂದು ಅಲ್ಲೇ ಕೂರಿಸಿದರು. ಎದುರಿಗೇ, ಮೆಟ್ಟಿಲಿನ ಕೆಳಗೆ, ಚಹಾದ ಪಾತ್ರೆಯ ಪಕ್ಕದಲ್ಲಿ ನಮ್ಮ ಮೇಡಂ ಗೋಡೆಗೆ ಒರಗಿ ನಿಂತದ್ದು ಕಂಡಿತು. ಅವರ ಸುತ್ತ ಒಬ್ಬೊಬ್ಬರಾಗಿ ಸೇರಿದರು. ಗೋಪುರ ಕಟ್ಟುವಾಗ ತೂಕಡಿಸುತ್ತಿದ್ದವರು ಕೂಡ ಎದ್ದು ಬಂದರು. ಯಾರದೋ ಬಿಸ್ಕತ್ತು ಅದ್ದಿದಲ್ಲೇ ಕರಗಿ ಲೋಟದೊಳಗೆ ಬಿತ್ತು, ಅವರು ನೋಡಲೂ ಇಲ್ಲ. ತಮ್ಮ ಸಂಪನ್ಮೂಲ ವ್ಯಕ್ತಿಗಳು ಕೊರಳಿನ ಸೀಟಿಯನ್ನು ಬಾಯಿಗಿಟ್ಟುಕೊಂಡವರು ಊದುವುದನ್ನು ಮರೆತರು. ನಾನು 'ಊಟದ ವ್ಯವಸ್ಥೆ ಹೇಗಿತ್ತು' ಎಂಬಲ್ಲಿ ಗುರುತು ಹಾಕಿ ಓಡಿದಾಗ ಬಾಗಿಲು ಕಾಯುವವನ ಕತೆ ಮುಗಿದಿತ್ತು. ಆ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು. ಬಾಗಿಲು ತೆಗೆದವರು ಯಾರೆಂದು ಅವರನ್ನು ಕಾಲಿಗೆ ಬಿದ್ದಂತೆ ಕೇಳಿದೆ. "ಬೇಡ ಮಗು, ಅವರ ಬಾಯಿಂದ್ಲೇ ಕೇಳು, ನಾನ್ ಹೇಳಿದ್ರೆ ಕೆಟ್ಟುಹೋಗುತ್ತೆ" ಎಂದುಬಿಟ್ಟರು. ಮೇಡಂ ನನ್ನನ್ನೂ ನನ್ನ ಕೊರಳಿನ ಕಾರ್ಡನ್ನೂ ನೋಡಿ, "ಅಯ್ಯೋ, ನಿನ್ನನ್ನೂ ಹಿಡ್ಕೊಂಡ್ರಾ?" ಎಂದರು. ನಾಳೆ ತರಗತಿಯಲ್ಲಿ ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟರು.

ಆ ನಾಳೆ ಬರಲಿಲ್ಲ. ಅತ್ಯಂತ ಉಪಯುಕ್ತ ಅಧಿವೇಶನ ಯಾವುದು ಎಂಬ ಪ್ರಶ್ನೆಗೆ ಎಲ್ಲರೂ 'ಚಹಾ ವಿರಾಮ' ಎಂದು ಬರೆದಿದ್ದನ್ನು ತಾವು ಸಂಜೆಯೇ ಓದಿದಿರಂತೆ. ಓದಿ, ಇಷ್ಟು ಚೆನ್ನಾಗಿ ಪಾಠ ಮಾಡುವವರನ್ನು ಪಾಠ ಮಾಡಲು ಬಿಡುವುದು ಅನ್ಯಾಯವೆಂದು ಮನಗಂಡು, ಮೇಡಂ ಅವರನ್ನು ವರ್ಷದ ಕೊನೆಯವರೆಗೆ ಪೂರ್ಣಾವಧಿ ತರಬೇತುದಾರರನ್ನಾಗಿ ನೇಮಿಸಿ ವ್ಯಾನು ಹತ್ತಿಸಿದಿರಿ. ಚೆನ್ನಾಗಿ ಈಜುವವರನ್ನು ನೀರಿನಿಂದ ಎತ್ತಿ ದಡದಲ್ಲಿ ಕೂರಿಸಿ, ಈಜಿನ ಬಗ್ಗೆ ಭಾಷಣ ಮಾಡಿಸುವ ತಮ್ಮ ದೂರದೃಷ್ಟಿಗೆ ಯಾರಾದರೂ ತಲೆಬಾಗಲೇಬೇಕು. ಮುಳುಗುತ್ತಿರುವ ನಾವೂ ಬಾಗಿದ್ದೇವೆ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು. ಮೇಡಂ ಅವರನ್ನು ದಯವಿಟ್ಟು ಅಯೋಗ್ಯರೆಂದು ಘೋಷಿಸಿ, ಶಿಕ್ಷೆಯಾಗಿ ನಮ್ಮ ತರಗತಿಗೆ ಗಡೀಪಾರು ಮಾಡಬೇಕು. ಅದು ನಿಯಮಕ್ಕೆ ಹೊಂದದಿದ್ದರೆ ನಮ್ಮ ಇಡೀ ವೇಳಾಪಟ್ಟಿಯನ್ನು ಚಹಾ ವಿರಾಮವೆಂದು ಬದಲಾಯಿಸಿ. ಲೋಟ ನಾವೇ ತರುತ್ತೇವೆ, ಬಿಸ್ಕತ್ತು ಬೇಡ. ಅದೂ ಕಷ್ಟವೆಂದರೆ ಆ ಕಾಲದ ಬಾಗಿಲು ಕಾಯುವವನಿಗೂ, ಅವನ ತಮ್ಮನಿಗೂ, ಎರಡೂ ಸೈನ್ಯಗಳಿಗೂ ಒಂದು ಕಾರ್ಯಾಗಾರ ಏರ್ಪಡಿಸಿ, ಮುಂದೆ ಇತಿಹಾಸವನ್ನು ಒಂದು ಪೀರಿಯಡ್ಡಿನೊಳಗೆ, ಅಟೆಂಡರ್ ಬರುವ ಮೊದಲು ಮುಗಿಸುವಂತೆ ತರಬೇತಿ ಕೊಡಬೇಕು. ಅವರು ಸಪೋಟ ಆಗಲಿ, ಸೀತಾಫಲ ಆಗಲಿ, ನಮ್ಮ ಆಕ್ಷೇಪವಿಲ್ಲ.

ಇಂತಿ, ಬಾಗಿಲಿನ ಪಾತ್ರದಿಂದ ಇನ್ನೂ ಬಿಡುಗಡೆಯಾಗದ,
ತಮ್ಮ ವಿಶ್ವಾಸಿ,
ಮೊದಲ ವರ್ಷದ ಇತಿಹಾಸ ತರಗತಿ, ಕಿಟಕಿಯ ಪಕ್ಕದ ಬೆಂಚು

ಕೊನೆಗೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಕಚೇರಿಯಿಂದ ನನ್ನ ಹೆಸರಿಗೆ ಪ್ರಮಾಣಪತ್ರ ಬಂದಿದೆ, ಅದರ ಪ್ರತಿ ಪ್ರಿನ್ಸಿಪಾಲರಿಗೂ ಹೋಗಿದೆ. ನಾನು ಇತಿಹಾಸ ಬೋಧಿಸಲು ಸಂಪೂರ್ಣ ಸಜ್ಜಾಗಿದ್ದೇನೆಂದು ತಾವೇ ಸಹಿ ಹಾಕಿದ್ದೀರಿ. ಅಧ್ಯಾಪಕರಿಲ್ಲದೆ ಕಂಗಾಲಾಗಿದ್ದ ಪ್ರಿನ್ಸಿಪಾಲರು ಅದನ್ನು ಕಣ್ಣಿಗೊತ್ತಿಕೊಂಡು, ಸೋಮವಾರದಿಂದ ಮೊದಲ ವರ್ಷದ ಇತಿಹಾಸ ನೀನೇ ತೆಗೆದುಕೋ ಎಂದಿದ್ದಾರೆ. ಶುಕ್ರವಾರದ ಗಡುವಿಗೆ ಹೆದರಿ ವಿಷಯ ಬದಲಾವಣೆಯ ಅರ್ಜಿ ಹಿಡಿದು ಆಫೀಸಿಗೆ ಹೋದರೆ ಗುಮಾಸ್ತರು "ಸ್ಟಾಫ್‌ಗೆಲ್ಲ ಸಬ್ಜೆಕ್ಟ್ ಚೇಂಜ್ ಇಲ್ಲಮ್ಮ" ಎಂದು ಹಿಂದಕ್ಕೆ ಕೊಟ್ಟರು. ನನಗೆ ಬೇಜಾರಾಗಬೇಕಿತ್ತು, ಯಾಕೋ ಆಗಲಿಲ್ಲ. ಹಿಸ್ಟರಿ ಓದಿದರೆ ಕೆಲಸ ಸಿಗುವುದಿಲ್ಲ ಎನ್ನುತ್ತಿದ್ದ ಚಿಕ್ಕಪ್ಪ, ಓದುವ ಮೊದಲೇ ಸಿಕ್ಕಿದ್ದನ್ನು ಕೇಳಿ ಫೋನಿನಲ್ಲಿ ಸಂಬಳ ಎಷ್ಟೆಂದು ಮಾತ್ರ ಕೇಳಿದರು. ಈಗ ನನ್ನ ಬೆಂಚಿನ ಗೆಳತಿ, ಸೋಮವಾರ ಮೊದಲು ಕೈಯೆತ್ತುವುದು ತಾನೇ ಎಂದೂ, ಕೇಳುವುದು ಯಾವ ಪ್ರಶ್ನೆಯೆಂದೂ ಮೊದಲೇ ಎಚ್ಚರಿಸಿದ್ದಾಳೆ. ಬೋಧನೆಯ ವಿಧಾನ ನನಗೆ ತಮ್ಮ ದಯೆಯಿಂದ ಪೂರ್ತಿ ಬಂದಿದೆ, ಇತಿಹಾಸವೊಂದೇ ಬಾಕಿ. ನಾನು ನನ್ನ ಬೆಂಚಿಗೆ ವಾಪಸ್ಸು ಹೋಗಬೇಕು. ಸೋಮವಾರ ಬೆಳಿಗ್ಗೆಯೊಳಗೆ ಮೇಡಂ ಅವರನ್ನು ಕಳಿಸಿಕೊಡುತ್ತೀರೋ ಇಲ್ಲವೋ, ದಯವಿಟ್ಟು ಬೇಗ ಉತ್ತರ ಬರೆಯಿರಿ.