ಒಂದು ಪುಟ್ಟ ಉಳುಕಿಗಾಗಿ

ನಮ್ಮ ಮನೆಯಲ್ಲಿ ನೋವಿಗೂ ದರ್ಜೆಗಳಿವೆ. ಆಟದ ಅಂಗಳದಲ್ಲಿ ಆದ ನೋವು ಮೊದಲ ದರ್ಜೆಯದು. ಅದಕ್ಕೆ ದಿಂಬು, ಹೊದಿಕೆ, ವಿಚಾರಿಸಿಕೊಳ್ಳಲು ಬರುವವರು, ಬಂದವರಿಗೆ ಕಾಫಿ ಎಲ್ಲವೂ ಉಂಟು. ನೆಲ ಒರೆಸುವಾಗ ಸೊಂಟ ಹಿಡಿದುಕೊಂಡರೆ ಅದು ಯಾವ ದರ್ಜೆಗೂ ಸೇರುವುದಿಲ್ಲ. ಅದನ್ನು ಯಾರಿಗಾದರೂ ಹೇಳಿಕೊಳ್ಳೋಣವೆಂದು ಬಾಯಿ ತೆರೆದರೆ ಸರಿಯಾಗಿ ಅದೇ ಹೊತ್ತಿಗೆ ಕುಕ್ಕರ್ ಕೂಗುತ್ತದೆ.

ಹೋದ ವರ್ಷ ನಮ್ಮ ಯಜಮಾನರ ಕಾಲು ಉಳುಕಿದ್ದನ್ನು ನೀವು ನೋಡಬೇಕಿತ್ತು. (ನಮ್ಮ ಬೀದಿಯವರೆಲ್ಲ ನೋಡಿದ್ದಾರೆ.) ಅವರು ವಾರವೆಲ್ಲ ವಿಮಾ ಕಚೇರಿಯ ಕುರ್ಚಿಯಲ್ಲಿ ಕೂತು, ಭಾನುವಾರ ಬೆಳಿಗ್ಗೆ ಮಾತ್ರ ಶಟಲ್ ಆಡುವವರು. ಅಂದು ಅವರು ಹಾರಿದ್ದು ಒಂದು ಗೇಣು, ಮಲಗಿದ್ದು ಹೆಚ್ಚುಕಡಿಮೆ ಒಂದು ತಿಂಗಳು. ಕಿಟಕಿ ಪಕ್ಕದ ಮಂಚ, ಕಾಲ ಕೆಳಗೆ ದಿಂಬುಗಳ ಗುಡ್ಡ, ಪಾದದ ಮೇಲೆ ಐಸಿನ ಚೀಲ. ಪಟ್ಟಾಭಿಷೇಕದ ಮಾರನೆಯ ದಿನ ರಾಜರು ಹೀಗೆಯೇ ಮಲಗಿರುತ್ತಿದ್ದರೇನೋ.

"ಲೇ, ಆ ಪರದೆ ಸ್ವಲ್ಪ ಸರಿಸೇ. ಅಷ್ಟಲ್ಲ. ಹಾಂ, ಈಗ ಒಂಚೂರು ಮುಚ್ಚು."

ಪರದೆ ಸರಿಸುತ್ತ, ಮುಚ್ಚುತ್ತ ನಾನು ಆ ಮಂಚವನ್ನೇ ನೋಡುತ್ತಿದ್ದೆ. ಬೆಳಗಿನ ಬಿಸಿಲು ಬಟ್ಟೆಯಲ್ಲಿ ಸೋಸಿಕೊಂಡು ಒಳಗೆ ಬಂದು, ಗೋಡೆಯ ಮೇಲೆ ಯಾವ ಅವಸರವೂ ಇಲ್ಲದೆ ನಡೆದು ಹೋಗುತ್ತಿತ್ತು. ಇಷ್ಟು ವರ್ಷ ಆ ಮಂಚದ ಹಾಸಿಗೆ ಕೊಡವಿ ಹಾಸಿದವಳು ನಾನೇ. ಆದರೆ ಆ ಬಿಸಿಲು ಗೋಡೆಯ ಈ ತುದಿಯಿಂದ ಆ ತುದಿ ಮುಟ್ಟುವುದನ್ನು ಒಂದು ದಿನವೂ ಪೂರ್ತಿ ನೋಡಿರಲಿಲ್ಲ. ಆಗ ನನ್ನೊಳಗೆ ಒಂದು ಆಸೆ ಮೊಳೆಯಿತು. ದೊಡ್ಡದೇನಲ್ಲ. ಒಂದು ಪುಟ್ಟ ಉಳುಕು.

ಅದಕ್ಕೆ ದಾರಿ ತೆರೆದವಳು ನನ್ನ ಮಗಳು. ಅವಳದು ಫಿಸಿಯೋಥೆರಪಿ ಓದು, ಕಡೆಯ ವರ್ಷ. ಒಬ್ಬೊಬ್ಬರೂ ಒಂದೊಂದು ಸಂಶೋಧನೆ ಮಾಡಲೇಬೇಕು, ಅದು ಒಪ್ಪಿಗೆಯಾಗದಿದ್ದರೆ ಪದವಿಯಿಲ್ಲ. ನಡುವಯಸ್ಸಿನ ಆಟಗಾರರಿಗೆ ಗಾಯಗಳಾಗದಂತೆ ತಡೆಯುವುದು ಹೇಗೆ ಎಂಬ ವಿಷಯ ಹಿಡಿದು ಅವಳು ಅಪ್ಪನ ಕ್ಲಬ್ಬಿಗೇ ನುಗ್ಗಿದ್ದಳು. ಅರ್ಧ ಜನ ಆಟಕ್ಕೆ ಮುಂಚೆ ಅವಳು ಹೇಳಿಕೊಟ್ಟ ವ್ಯಾಯಾಮ ಮಾಡಿ ಮೈ ಬಿಸಿ ಮಾಡಿಕೊಳ್ಳಬೇಕು. ಉಳಿದರ್ಧ ಜನ ಎಂದಿನಂತೆ ಬಂದವರೇ ಬ್ಯಾಟು ಹಿಡಿಯಬೇಕು. ಕೊನೆಗೆ ಯಾವ ಗುಂಪಿನಲ್ಲಿ ಎಷ್ಟು ಜನ ಕುಂಟುತ್ತಾರೆಂದು ನೋಡುವುದು. ಸಂಶೋಧನೆ ಎಂದರೆ ಇಷ್ಟೇ ಅಂತೆ.

"ಎಲ್ಲಾ ಸರಿ ಇದೆ ಅಮ್ಮ, ಆದ್ರೆ ಕ್ಲಬ್ಬಲ್ಲಿ ಒಬ್ಬ ಹೆಂಗಸೂ ಇಲ್ಲ. ನಮ್ಮ ಮೇಡಂ ಕೇಳೇ ಕೇಳ್ತಾರೆ" ಎಂದು ಅವಳು ಅಡಿಗೆಮನೆಯ ಬಾಗಿಲಿಗೆ ಒರಗಿ ಕೊರಗಿದಳು.

"ಹೇಗೆ ಇರ್ತಾರೆ? ಭಾನುವಾರ ಬೆಳಿಗ್ಗೆ ಆಟ ಮುಗಿಸಿ ಬರೋರಿಗೆ ತಿಂಡಿ ಮಾಡ್ತಿರೋರು ಯಾರು ಅಂತ ನಿಮ್ಮ ಮೇಡಂನೇ ಕೇಳು" ಎಂದೆ ಪಾತ್ರೆ ಉಜ್ಜುತ್ತ.

"ಸಾಲದ್ದಕ್ಕೆ ಗಾಯ ಆದವರ ಆರೈಕೇನೂ ನನ್ನದೇ. ಐಸು, ಕಾಲು ಎತ್ತರಕ್ಕೆ, ಸಂಪೂರ್ಣ ವಿಶ್ರಾಂತಿ..."

ಪಾತ್ರೆ ಉಜ್ಜುತ್ತಿದ್ದ ಕೈ ನಿಂತಿತು. ಸಂಪೂರ್ಣ ವಿಶ್ರಾಂತಿ. ಎಂಥ ಮಾತು. ಯಾರೋ ದೂರದಲ್ಲಿ ತಂಬೂರಿಯ ತಂತಿ ಮೀಟಿದ ಹಾಗಿತ್ತು.

"ನಾನು ಆಡ್ತೀನಿ" ಎಂದೆ.

ಹಜಾರದಲ್ಲಿ ಪೇಪರು ಅಲುಗಾಡಿತು. ಅದರ ಹಿಂದೆ ಯಜಮಾನರು ನಗುತ್ತಿದ್ದರು. "ನೀನಾ? ಸದಾ ಮನೇಲಿ ಕೂತಿರೋಳು ಒಂದೇ ಸಲ ಕೋರ್ಟಿಗೆ ಇಳಿದ್ರೆ ಎಲ್ಲಾದ್ರೂ ಉಳುಕೀತು ಕಣೇ."

(ಈ 'ಕೂತಿರೋಳು' ಎಂಬ ಮಾತನ್ನು ಅವರು ಹೇಳಿದ್ದು ಸೋಫಾದ ಮೇಲೆ ಕೂತು. ನಾನು ಕೇಳಿಸಿಕೊಂಡದ್ದು ನಿಂತುಕೊಂಡು.)

"ನಿಮ್ಮ ಬಾಯಿಗೆ ಸಕ್ಕರೆ ಹಾಕ್ತೀನಿ ರೀ" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಗುಂಪು ಮಾಡಲು ಚೀಟಿ ಎತ್ತಿದರು. ಯಜಮಾನರಿಗೆ ವ್ಯಾಯಾಮದ ಚೀಟಿ ಬಂತು, ಮುಖ ಹುಳ್ಳಗಾಯಿತು. ನನಗೆ ವ್ಯಾಯಾಮವಿಲ್ಲದ ಚೀಟಿ. ಅಂದರೆ ಉಳುಕುವ ಗುಂಪು. ದೇವರು ಕೊನೆಗೂ ನನ್ನತ್ತ ಕಣ್ಣು ಬಿಟ್ಟನೆಂದುಕೊಂಡೆ.

ಅಲ್ಲಿಂದ ನಾನು ಭೂಮಿಯ ಮೇಲಿರಲಿಲ್ಲ. ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ ನನ್ನ ಉಳುಕಿನದೇ ಧ್ಯಾನ. ಕೈ ಬೇಡ, ಕೈ ಉಳುಕಿದರೆ ಓಡಾಡುವುದು ತಪ್ಪುವುದಿಲ್ಲ. ಕಾಲೇ ಸರಿ. ಎಡಗಾಲಾದರೆ ಚೆನ್ನ. ತಿಳಿ ಆಕಾಶ ಬಣ್ಣದ ಪರದೆ ಹಾಕಿಸಬೇಕು. ನಾನು ಮಲಗಿರುತ್ತೇನೆ, ಪರದೆ ಉಸಿರಾಡುತ್ತಿರುತ್ತದೆ, ಬಿಸಿಲು ಗೋಡೆಯ ಮೇಲೆ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಹೋಗುತ್ತದೆ, ಅಡಿಗೆಮನೆಯಿಂದ ಯಾರೋ ಯಾರಿಗೋ ಏನೋ ಹೇಳುತ್ತಿರುವುದು ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಅಷ್ಟರಲ್ಲಿ ಹಾಲು ಉಕ್ಕುವ ವಾಸನೆ. ನಾನು ಕನಸಿನಲ್ಲೇ ಎದ್ದು, ಉಳುಕಿದ ಕಾಲನ್ನು ಮರೆತು ಓಡಿಹೋಗಿ ಒಲೆ ಆರಿಸಿಬಿಡುತ್ತಿದ್ದೆ. ಕನಸನ್ನು ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತಿತ್ತು.

ಕ್ಲಬ್ಬೆಂದರೆ ಹಳೆಯ ಗೋದಾಮು. ತಗಡಿನ ಮಾಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದಿರುತ್ತಿದ್ದವು. ಮಗಳ ಹಳೆಯ ಬೂಟು ಹಾಕಿ, ಸೆರಗು ಬಿಗಿದು ನಾನು ಇಳಿದಾಗ ಎಲ್ಲರೂ ಗೌರವದಿಂದ ದೂರ ಸರಿದರು. ಶಟಲ್ ಕಾಕ್ ಮೇಲೆ ಹಾರಿ, ಆ ಬೆಳಕಿನ ಕೋಲುಗಳ ನಡುವೆ ಒಂದು ಗಳಿಗೆ ತಾನೆಲ್ಲಿಗೆ ಹೋಗಬೇಕೆಂದು ಮರೆತಂತೆ ನಿಂತು, ಆಮೇಲೆ ಗರಿ ಬಿಚ್ಚಿ ತೇಲುತ್ತ ಇಳಿಯುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದೆ. ಅದು ಬಂದು ನನ್ನ ಕಾಲ ಬಳಿ ಮಲಗುತ್ತಿತ್ತು.

"ಅಮ್ಮಾವ್ರೇ, ಹೊಡೀಬೇಕು ಅದನ್ನ" ಎಂದು ನಿವೃತ್ತ ಹೆಡ್‌ಮಾಸ್ಟರು ವಿನಯದಿಂದ ತಿಳಿಸಿದರು.

ಹೊಡೆದೆ. ಹಾರಿದೆ, ಜಾರಿದೆ, ನೆಟ್ಟಿಗೆ ಸಿಕ್ಕಿಕೊಂಡೆ, ಒಮ್ಮೆ ಅಂಗಾತ ಬಿದ್ದೆ. ಬಿದ್ದಲ್ಲೇ ಕಣ್ಣು ಮುಚ್ಚಿ ಆಸೆಯಿಂದ ಕಾದೆ. ಏನೂ ಇಲ್ಲ. ಎಡ ಪಾದ ಅಲ್ಲಾಡಿಸಿದೆ, ಎಣ್ಣೆ ಹಾಕಿದ ಬಾಗಿಲಿನಂತೆ ಅಲ್ಲಾಡಿತು. ಅತ್ತ ನನ್ನ ಗುಂಪಿನವರು ಒಬ್ಬೊಬ್ಬರಾಗಿ ಹಣ್ಣೆಲೆಗಳಂತೆ ಉದುರುತ್ತಿದ್ದರು. ಹೆಡ್‌ಮಾಸ್ಟರ ಮೀನಖಂಡ ಹಿಡಿದುಕೊಂಡಿತು. ಔಷಧಿ ಅಂಗಡಿಯವರ ಭುಜ ಜಾರಿತು. ಅವರು ಮನೆಗೆ ಹೋಗುವುದನ್ನು, ಅವರ ಹೆಂಡಿರು ಬಾಗಿಲಲ್ಲಿ ಕಾದಿರುವುದನ್ನು ನಾನು ಹೊಟ್ಟೆಕಿಚ್ಚಿನಿಂದ ನೋಡಿದೆ.

"ಅಮ್ಮ, ನಿನ್ನಿಂದ ನನ್ನ ಫಲಿತಾಂಶವೇ ಕೆಡ್ತಾ ಇದೆ. ಗುಂಪಲ್ಲಿ ಎಲ್ಲರಿಗೂ ಏನಾದ್ರೂ ಆಗಿದೆ, ನಿನಗೊಬ್ಬಳಿಗೆ ಏನೂ ಇಲ್ಲ. ಮೇಡಂ ಯಾಕೆ ಅಂದ್ರೆ ಏನು ಹೇಳ್ಲಿ?"

"ನಾನೇನು ಸುಮ್ಮನಿದ್ದೀನಾ? ನನ್ನ ಪ್ರಯತ್ನ ನಾನು ಮಾಡ್ತಾನೇ ಇದ್ದೀನಿ."

"ಏನು ಪ್ರಯತ್ನ?"

"ಆಡೋ ಪ್ರಯತ್ನ ಕಣೇ" ಎಂದು ಪಾರಾದೆ.

ಮುಂದಿನ ಭಾನುವಾರ ಮೇಡಂ ಖುದ್ದಾಗಿ ಬಂದರು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ನನ್ನ ಮೊಣಕಾಲು ಮಡಿಸಿ, ಬಿಡಿಸಿ, ತೋಳು ತಿರುಗಿಸಿ, "ಇಲ್ಲಿಗೆ ಬರೋಕೆ ಮುಂಚೆ ಏನು ಮಾಡ್ತೀರಿ?" ಎಂದು ಕೇಳಿದರು.

"ಏನೂ ಇಲ್ಲ ಮೇಡಂ. ನಾನು ವ್ಯಾಯಾಮ ಇಲ್ಲದ ಗುಂಪು."

"ವ್ಯಾಯಾಮ ಬಿಡಿ. ಎದ್ದಾಗಿನಿಂದ ಏನೇನು ಮಾಡಿದ್ರಿ ಅಂತ ಹೇಳಿ."

ಹೇಳಿದೆ. ಕುಕ್ಕರುಗಾಲಲ್ಲಿ ಕೂತು ಮನೆ ಒರೆಸಿದ್ದು, ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ಮಹಡಿ ಹತ್ತಿದ್ದು, ಹಗ್ಗ ಎತ್ತರದಲ್ಲಿರುವುದರಿಂದ ತುದಿಗಾಲಲ್ಲಿ ನಿಂತು ಹರವಿದ್ದು, ಹಿಟ್ಟು ನಾದಿದ್ದು, ಯಜಮಾನರ ಬೂಟು ಮಂಚದ ಕೆಳಗೆ ತೆವಳಿಕೊಂಡು ಹೋಗಿ ತೆಗೆದದ್ದು. ಹೇಳುತ್ತ ಹೋದಂತೆ ಮೇಡಂ ಮುಖ ಅರಳುತ್ತ ಹೋಯಿತು.

"ಏನಮ್ಮಾ," ಎಂದು ನನ್ನ ಮಗಳತ್ತ ತಿರುಗಿದರು, "ಇವರನ್ನ ಮೈ ಬಿಸಿ ಮಾಡದವರ ಗುಂಪಿಗೆ ಹಾಕಿದ್ದೀಯಲ್ಲ? ಇಡೀ ಕ್ಲಬ್ಬಲ್ಲಿ ಇವರಷ್ಟು ಬಿಸಿಯಾಗಿ ಬರೋರು ಯಾರಿದ್ದಾರೆ?"

ಮಗಳು ನನ್ನನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಇಪ್ಪತ್ತೊಂದು ವರ್ಷ ಜೊತೆಗಿದ್ದೂ ನಾನು ಕೂತೇ ಇರುತ್ತೇನೆಂದು ಅವಳೂ ನಂಬಿದ್ದಳು. ನನಗೋ, ಇದ್ದ ಒಂದು ಆಸೆಯೂ ಕೈಬಿಟ್ಟಿತು. ನನ್ನ ಉಳುಕನ್ನು ಇಷ್ಟು ವರ್ಷ ತಡೆಹಿಡಿದದ್ದು ನನ್ನದೇ ದುಡಿಮೆಯೆಂದರೆ ಯಾರ ಮೇಲೆ ಸಿಟ್ಟು ಮಾಡುವುದು?

ಆದರೆ ಮರುಕ್ಷಣವೇ ಇನ್ನೊಂದು ಕನಸು ಬಾಗಿಲು ತಟ್ಟಿತು, ಮೊದಲನೆಯದಕ್ಕಿಂತ ಅಂದವಾದದ್ದು. "ಹಾಗಾದ್ರೆ ಮೇಡಂ, ಈ ಕೆಲಸಗಳನ್ನ ಇವರುಗಳ ಕೈಲೇ ಮಾಡಿಸಿ ನೋಡಬಾರದಾ? ಸಂಶೋಧನೆಗೋಸ್ಕರ" ಎಂದೆ ಅತಿ ವಿನಯದಿಂದ. ಕಿಟಕಿ, ಮಂಚ, ನಾನು. ಮನೆಗೆಲಸವೆಲ್ಲ ಯಜಮಾನರದು. ಅಷ್ಟಕ್ಕೆ ಕಾಲು ಉಳುಕುವ ಅಗತ್ಯವೂ ಇಲ್ಲ.

ಮೇಡಂ ಕುಣಿದುಬಿಟ್ಟರು. ಅಲ್ಲೇ 'ಗೃಹಕೃತ್ಯಾಧಾರಿತ ಪೂರ್ವಸಿದ್ಧತಾ ವ್ಯಾಯಾಮ' ಎಂದು ನಾಮಕರಣವೂ ಆಯಿತು. ಹೆಸರಿನ ಉದ್ದಕ್ಕೆ ಬೆದರಿ ಗಂಡಸರು ಯಾರೂ ಎದುರು ಹೇಳಲಿಲ್ಲ. ಯಜಮಾನರು ಮಾತ್ರ "ಅವರವರ ಮನೇಲೇ ಮಾಡ್ಕೊಂಡು ಬಂದ್ರಾಯ್ತಲ್ಲ" ಎಂದರು.

"ಬೇಡ ಬೇಡ," ಎಂದರು ಮೇಡಂ. "ಹೆಂಡತಿ ಕೈಲಿ ಮಾಡಿಸಿ, ನಾನೇ ಮಾಡಿದೆ ಅಂದ್ರೆ ನಂಬೋದು ಹೇಗೆ? ಎಲ್ಲರೂ ಒಂದೇ ಮನೇಲಿ ಮಾಡ್ಲಿ, ಒಬ್ಬರೇ ಹೇಳಿಕೊಡ್ಲಿ. ನೀವೇ ಇದ್ದೀರಲ್ಲ" ಎಂದು ನನ್ನ ಬೆನ್ನು ತಟ್ಟಿದರು.

ಮುಂದಿನ ಭಾನುವಾರ ನಾನಿನ್ನೂ ಮುಖ ತೊಳೆದಿರಲಿಲ್ಲ, ಬಾಗಿಲಲ್ಲಿ ಕ್ಲಬ್ಬಿಗೆ ಕ್ಲಬ್ಬೇ ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಉಬ್ಬಿದ ಚೀಲ.

"ನಿಮ್ಮನೇಲಿ ಎಲ್ಲರಿಗೂ ಸಾಕಾಗೋಷ್ಟು ಕೆಲಸ ಇರುತ್ತೋ ಇಲ್ವೋ ಅಂತ ನಮ್ಮನೆಯವಳು ಒಗೆಯೋ ಬಟ್ಟೆ ಕಳಿಸಿದ್ದಾಳೆ" ಎಂದರು ಹೆಡ್‌ಮಾಸ್ಟರು.

"ಅವರೇನು ಮಾಡ್ತಿದ್ದಾರೆ?"

"ಮಲಗಿದ್ದಾಳೆ."

ಔಷಧಿ ಅಂಗಡಿಯವರ ಮನೆಯವರೂ ಮಲಗಿದ್ದರು. ಕ್ಲಬ್ಬಿನ ಅಷ್ಟೂ ಮನೆಗಳ ಕಿಟಕಿಗಳಲ್ಲಿ ಪರದೆಗಳು ಮೆಲ್ಲಗೆ ಅಲುಗುತ್ತಿದ್ದವು, ಬಿಸಿಲು ಅವರವರ ಗೋಡೆಗಳ ಮೇಲೆ ಹಾಯಾಗಿ ನಡೆಯುತ್ತಿತ್ತು. ನನಗಾಗಿ ನಾನು ಕಂಡ ಕನಸನ್ನು ಯಾರೋ ಕತ್ತರಿಸಿ ಮನೆಮನೆಗೂ ಹಂಚಿದ್ದರು, ನನ್ನ ಮನೆಯೊಂದನ್ನು ಬಿಟ್ಟು.

ನಾನು ನಿಂತಲ್ಲೇ ನಿಂತು ಹೇಳಿಕೊಡುತ್ತಿದ್ದೆ. ಹೆಡ್‌ಮಾಸ್ಟರು ನೆಲ ಒರೆಸುತ್ತ ಒರೆಸುತ್ತ ತಾವೇ ಒಂದು ಮೂಲೆಯಲ್ಲಿ ಸೆರೆಯಾದರು. ನೆಲ ಆರುವ ತನಕ ಅವರು ಅಲ್ಲೇ, ಅವರ ಕಾಫಿ ಮಾತ್ರ ಕೈಯಿಂದ ಕೈಗೆ ದಾಟಿ ಅಲ್ಲಿಗೆ ಹೋಯಿತು. ಯಜಮಾನರು ಹಿಟ್ಟಿಗೆ ನೀರು, ನೀರಿಗೆ ಹಿಟ್ಟು ಹಾಕುತ್ತ ಒಂದು ಬಾಣಲೆಯಿಂದ ಹೊರಟು ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿದರು. ಅವರೆಲ್ಲ ಹೊಳೆಯುವ ಮುಖ ಹೊತ್ತು ಆಟಕ್ಕೆ ಹೋದ ಮೇಲೆ, ಅವರು ಮಾಡಿದ ಕೆಲಸವನ್ನು ತೊಳೆಯುವ ಕೆಲಸ ನನ್ನದಾಯಿತು.

ಫಲಿತಾಂಶ ಮಾತ್ರ ಅಮೋಘ. ಕ್ಲಬ್ಬಿನಲ್ಲಿ ಒಂದು ಉಗುರೂ ಮುರಿಯಲಿಲ್ಲ. ಮಗಳ ಸಂಶೋಧನೆ ಒಪ್ಪಿಗೆಯಾಗುವುದು ಖಾತ್ರಿಯಾಯಿತು, ಇನ್ನೊಂದೇ ಭಾನುವಾರ ಬಾಕಿ. ಅದರ ಹಿಂದಿನ ಭಾನುವಾರವೇ, ಅವರೆಲ್ಲ ಆಟಕ್ಕೆ ಹೊರಡುವ ಮುಂಚೆ, ಔಷಧಿ ಅಂಗಡಿಯವರು ಉದಾರವಾಗಿ ಸೋಪು ಸುರಿದು ಒರೆಸಿದ ನಡುಮನೆಯಲ್ಲಿ ನಾನು ಜಾರಿದೆ. ಎಡಗಾಲು. ಕಟಕ್ಕೆಂದಿತು. ಅಂಥ ಇಂಪಾದ ಸದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಸದ್ಯ, ಆಡೋವಾಗ ಆಗ್ಲಿಲ್ಲ. ಇದು ನನ್ನ ಲೆಕ್ಕಕ್ಕೆ ಬರಲ್ಲ" ಎಂದು ಮಗಳು ನಿಟ್ಟುಸಿರಿಟ್ಟು, ಆಮೇಲೆ ಐಸು ತಂದಳು. ಕಾಲ ಕೆಳಗೆ ದಿಂಬು ಇಟ್ಟಳು. "ಸಂಪೂರ್ಣ ವಿಶ್ರಾಂತಿ ಅಮ್ಮ" ಎಂದಳು. ನಾನು ಕಣ್ಣು ಮುಚ್ಚಿದೆ. ಮಂಚ ಮೆಲ್ಲಗೆ ತೇಲತೊಡಗಿತು. ಸುಖವೆಂದರೆ ಹೀಗಿರುತ್ತದೆಯೇ ಎಂದು ಆಶ್ಚರ್ಯಪಡುತ್ತ ಕಣ್ಣು ಬಿಟ್ಟರೆ ಮಂಚ ನಿಜವಾಗಿಯೂ ತೇಲುತ್ತಿತ್ತು. ನಾಲ್ಕು ಮೂಲೆಗೆ ನಾಲ್ವರು ಗಂಡಸರು.

"ಇಲ್ಲಿಂದ ನಿಮಗೆ ಏನೂ ಕಾಣಲ್ಲ ಅಮ್ಮಾವ್ರೇ," ಎಂದರು ಹೆಡ್‌ಮಾಸ್ಟರು. "ನಡುಮನೇಲಿ ಇಟ್ರೆ ಎಲ್ಲಾ ಕಡೆ ನೋಡ್ಕೊಂಡು ಮಲಗಿದ್ದೇ ಹೇಳಬಹುದು."

ಕೊನೆಯ ಭಾನುವಾರದವರೆಗೂ ನಾನು ನಡುಮನೆಯಲ್ಲಿ, ಬಚ್ಚಲ ಬಾಗಿಲಿಗೆ ಮುಖ ಮಾಡಿ ವಿಶ್ರಾಂತಿ ಪಡೆದೆ. ಆ ಭಾನುವಾರವಂತೂ ನನ್ನ ಸುತ್ತ ಪ್ರಶ್ನೆಗಳ ಸಂತೆಯೇ ನೆರೆದಿತ್ತು.

"ಲೇ, ಹಿಟ್ಟಿನ ಡಬ್ಬಿ ಯಾವುದೇ?"

"ಅಮ್ಮಾವ್ರೇ, ಒರೆಸೋ ಬಟ್ಟೇನ ಯಾವುದರಿಂದ ಒರೆಸಬೇಕು?"

"ಬಿಳೀ ಬಟ್ಟೆ ಕೆಂಪಾದ್ರೆ ಪರವಾಗಿಲ್ವಾ?"

ಅಷ್ಟರಲ್ಲಿ ಮಾಡಿನಿಂದ ದಬದಬ ಸದ್ದು. ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ನೀರು ಇಳಿದು ಬರುತ್ತಿತ್ತು. "ಮೋಟಾರು, ಮೋಟಾರು" ಎಂದು ಎಲ್ಲರೂ ಕೂಗಿದರು. ಯಾರೂ ಕದಲಲಿಲ್ಲ. ಮನೆ ಕಟ್ಟಿಸಿದವರಿಗೇ ಅದರ ಸ್ವಿಚ್ಚು ಎಲ್ಲಿದೆಯೆಂದು ಗೊತ್ತಿರಲಿಲ್ಲ. "ಬಾಗಿಲ ಹಿಂದೆ, ಕೊಡೆ ನೇತುಹಾಕಿದೆಯಲ್ಲ, ಅದರ ಪಕ್ಕ" ಎಂದೆ. ಒಬ್ಬರು ಕೊಡೆ ತಂದು ಕೊಟ್ಟರು.

ನಾನು ಎದ್ದೆ. ಉಳುಕಿದ ಕಾಲನ್ನು ಹಿಂದಕ್ಕೆ ಮಡಿಸಿ, ಕೈ ಎರಡೂ ಚಾಚಿ, ಒಂಟಿಕಾಲಲ್ಲಿ ಕುಪ್ಪಳಿಸುತ್ತ ಸ್ವಿಚ್ಚಿನತ್ತ ಹೊರಟೆ. ಮಗಳ ಕಣ್ಣು ಫಳಕ್ಕನೆ ಹೊಳೆಯಿತು.

"ನೋಡಿ ಅಂಕಲ್, ಸಮತೋಲನ ಅಂದ್ರೆ ಅದು. ಪಾದದ ಗಾಯ ತಡೆಯೋಕೆ ಇದಕ್ಕಿಂತ ಒಳ್ಳೇ ವ್ಯಾಯಾಮ ಇಲ್ಲ. ಎಲ್ಲರೂ ಅಮ್ಮನ ಹಿಂದೆ ಬನ್ನಿ, ಎಡಗಾಲು ಮೇಲಕ್ಕೆ."

ನಾನು ಸ್ವಿಚ್ಚು ಆರಿಸಿ ತಿರುಗಿ ನೋಡಿದೆ. ಮೆಟ್ಟಿಲಿಂದ ಇಳಿದ ನೀರಿನಲ್ಲಿ ಬೆಳಗಿನ ಬೆಳಕು ಮಿನುಗುತ್ತಿತ್ತು. ಅದರ ನಡುವೆ ಯಜಮಾನರು, ಹೆಡ್‌ಮಾಸ್ಟರು, ಔಷಧಿ ಅಂಗಡಿಯವರು, ಅವರ ಹಿಂದೆ ಉಳಿದವರು, ಎಲ್ಲರೂ ಕೊಕ್ಕರೆಗಳಂತೆ ಒಂದೊಂದೇ ಕಾಲಲ್ಲಿ, ಕೈ ಚಾಚಿ, ನನ್ನ ಮುಂದಿನ ಹೆಜ್ಜೆಗಾಗಿ ಕಾಯುತ್ತ ನಿಂತಿದ್ದರು.